ಹೋಗಿ, ಮತ್ತೆ ಬರಬೇಡಿ

ನನ್ನ ಮೇಲೆ ಬಂದ ಮೊದಲ ಲಿಖಿತ ದೂರು ನಾನು ಯಾರನ್ನೋ ಬೈದದ್ದಕ್ಕಲ್ಲ. ‘ಹೋಗಿ ಬನ್ನಿ’ ಎಂದದ್ದಕ್ಕೆ.

ಮ್ಯಾನೇಜರ್ ನನ್ನನ್ನು ತಮ್ಮ ಕೋಣೆಗೆ ಕರೆದು, ಬಾಗಿಲು ಹಾಕಿ, ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದರು. ನಮ್ಮ ಕ್ಲಿನಿಕ್ಕಿಗೆ ಬಂದವರು ಮನೆಗೆ ಹೋದ ಮೇಲೆ ಒಂದು ಫಾರಂ ತುಂಬಿ ಕಳಿಸುವ ಪದ್ಧತಿ ಇದೆ. ಪರದೆಯಲ್ಲಿದ್ದ ಫಾರಮ್ಮಿನಲ್ಲಿ ಐದಕ್ಕೆ ಎರಡು ಸ್ಟಾರ್ ಕೊಟ್ಟು ಕೆಳಗೆ ಹೀಗೆ ಬರೆದಿತ್ತು: ‘ಹೊರಡುವಾಗ ಸ್ಕ್ಯಾನ್ ಮಾಡುವಾಕೆ ನನಗೆ ಹೋಗಿ ಬನ್ನಿ ಎಂದಳು. ಇಲ್ಲಿಗೆ ಮತ್ತೆ ಬರುವುದು ಬೇಡವೆಂದೇ ನಾನು ಇಲ್ಲಿಗೆ ಬರುತ್ತಿರುವುದು.’

ನನಗೆ ನಗು ಬಂತು. ಮ್ಯಾನೇಜರ್ ನಗದಿದ್ದುದರಿಂದ ಅದನ್ನು ಕೆಮ್ಮಿಗೆ ಬದಲಾಯಿಸಿಕೊಂಡೆ.

ನಾನು ಹ್ಯೂಸ್ಟನ್ನಿನಲ್ಲಿ, ಮಕ್ಕಳಾಗಲೆಂದು ಚಿಕಿತ್ಸೆಗೆ ಬರುವವರ ಕ್ಲಿನಿಕ್ಕಿನಲ್ಲಿ ಅಲ್ಟ್ರಾಸೌಂಡ್ ಮಾಡುವವಳು. ಹುಟ್ಟಿ ಬೆಳೆದದ್ದು ಮೈಸೂರು. ನಮ್ಮ ಮನೆಯಲ್ಲಿ ಹೊರಟವರಿಗೆ ಬರೀ ‘ಹೋಗಿ’ ಎಂದರೆ ಅಪಶಕುನ. ಗ್ಯಾಸ್ ಸಿಲಿಂಡರ್ ತಂದವನಿಗೂ ‘ಹೋಗಿ ಬಾಪ್ಪಾ’ ಎನ್ನಬೇಕು. ನಾನು ಶಾಲೆಗೆ ಹೊರಡುವಾಗ ಅವಸರಕ್ಕೆ ‘ಹೋಗ್ತೀನಿ’ ಎಂದರೆ ಅಜ್ಜಿ ಬಾಗಿಲಲ್ಲೇ ನಿಲ್ಲಿಸಿ ‘ಹೋಗಿ ಬರ್ತೀನಿ ಅನ್ನು’ ಎಂದು ತಿದ್ದಿ ಕಳಿಸುತ್ತಿದ್ದರು. ಆ ಅಭ್ಯಾಸ ಇಂಗ್ಲಿಷಿಗೂ ಬಂದುಬಿಟ್ಟಿದೆ. ಐದು ವರ್ಷ ನಾನು ನೂರಾರು ಹೆಂಗಸರಿಗೆ, ಈ ಜಾಗಕ್ಕೆ ಇನ್ನೊಮ್ಮೆ ಕಾಲಿಡಬಾರದೆಂದು ದೇವರಿಗೆ ಹರಕೆ ಹೊತ್ತ ಹೆಂಗಸರಿಗೆ, ನಗುನಗುತ್ತಾ ಹೋಗಿ ಬನ್ನಿ ಎಂದು ಶುಭ ಕೋರಿದ್ದೆ. ಒಬ್ಬರೂ ದೂರು ಕೊಟ್ಟಿರಲಿಲ್ಲವೆಂದರೆ ಅದು ಅವರ ದೊಡ್ಡತನ.

ದೂರು ಬರೆದವರು ಯಾರೆಂದು ಮ್ಯಾನೇಜರ್ ಹೇಳಲಿಲ್ಲ. ನನಗೆ ಗೊತ್ತಾಯಿತು. ಅಂಥ ವಾಕ್ಯ ಬರೆಯಬಲ್ಲವರು ಆ ವಾರ ಒಬ್ಬರೇ ಬಂದಿದ್ದರು.

ಅವರು ಊರಿನ ದಕ್ಷಿಣಕ್ಕಿರುವ ಒಂದು ಹೈಸ್ಕೂಲಿನಲ್ಲಿ ಬ್ಯಾಂಡ್ ಟೀಚರ್. ನೂರಕ್ಕೂ ಹೆಚ್ಚು ಮಕ್ಕಳು ಡ್ರಮ್ಮು ತುತ್ತೂರಿ ಹಿಡಿದು ಮೈದಾನದಲ್ಲಿ ಸಾಲಾಗಿ ನಡೆಯುವ ಮಾರ್ಚಿಂಗ್ ಬ್ಯಾಂಡ್ ಅದು. ಎತ್ತರದ, ಗಟ್ಟಿ ದನಿಯ, ನಲವತ್ತರ ಹತ್ತಿರದ ಕಪ್ಪು ಹೆಣ್ಣುಮಗಳು. ಅವರ ಇಂಗ್ಲಿಷ್ ಕೇಳಿದಾಗಲೆಲ್ಲ ನನಗೆ ನಮ್ಮೆಜಮಾನರ ಸೋದರತ್ತೆಯ ನೆನಪಾಗುತ್ತಿತ್ತು. ಆಕೆ ಧಾರವಾಡದವರು. ಅದೇ ಸಲಿಗೆ, ಮಾತಿನ ಕೊನೆಯಲ್ಲಿ ಅದೇ ಏಟು. ಆದ್ದರಿಂದ ಬ್ಯಾಂಡ್ ಟೀಚರ್ ಹೇಳಿದ್ದನ್ನು ಇಲ್ಲಿ ಧಾರವಾಡದ ಕನ್ನಡದಲ್ಲೇ ಬರೆಯುತ್ತೇನೆ. ಮೈಸೂರಿನ ಕನ್ನಡದಲ್ಲಿ ಬರೆದರೆ ಅವರಿಗೆ ಒಪ್ಪುವುದಿಲ್ಲ, ನಾವು ಬೈಯುವಾಗಲೂ ಕ್ಷಮೆ ಕೇಳಿದಂತೆ ಇರುತ್ತದೆ.

ಅವರ ಪರಿಸ್ಥಿತಿ ಹೀಗಿತ್ತು. ಹನ್ನೊಂದು ವರ್ಷದ ಪ್ರಯತ್ನ. ಡಲ್ಲಾಸ್ ಕಡೆ ಇದ್ದಾಗ, ನಮ್ಮದೇ ಸಂಸ್ಥೆಯ ಇರ್ವಿಂಗ್ ಶಾಖೆಯಲ್ಲಿ ಅಂಡಗಳನ್ನು ತೆಗೆದು ಮೂರು ಭ್ರೂಣ ಮಾಡಿದ್ದರು. ಎರಡನ್ನು ಗರ್ಭಕೋಶದಲ್ಲಿಟ್ಟು ನೋಡಿಯಾಗಿತ್ತು, ಎರಡೂ ನಿಲ್ಲಲಿಲ್ಲ. ಉಳಿದದ್ದು ಒಂದು. ಹೊಸದಾಗಿ ಅಂಡ ತೆಗೆದರೆ ಇನ್ನು ಸಿಗುವ ಆಸೆ ಕಡಿಮೆ ಎಂದು ಡಾಕ್ಟರು ಆಗಲೇ ಹೇಳಿದ್ದರು. ಹೆಪ್ಪುಗಟ್ಟಿಸಿಟ್ಟ ಆ ಒಂದು ಭ್ರೂಣ ದ್ರವ ಸಾರಜನಕದ ಟ್ಯಾಂಕಿನಲ್ಲಿ ಕೂತು, ಕೊರಿಯರ್ ವ್ಯಾನಿನಲ್ಲಿ ಇರ್ವಿಂಗ್‌ನಿಂದ ಹ್ಯೂಸ್ಟನ್ನಿಗೆ ಬಂತು. ಡ್ರೈವರ್ ದಾರಿಯಲ್ಲಿ ಕೊಲಾಚಿ ಎಂಬ ಬನ್ನು ತಿನ್ನಲು ನಿಲ್ಲಿಸಿದ್ದಾನೆಂದು ತಿಳಿದು ನಮ್ಮ ರಿಸೆಪ್ಷನಿಸ್ಟ್ ಕೈಕೈ ಹಿಸುಕಿಕೊಂಡರು. ಬ್ಯಾಂಡ್ ಟೀಚರ್ ಮಾತ್ರ, “ಹಸದಿರ್ತಾನ, ತಿನ್ಲಿ ಬಿಡ್ರಿ. ಒಳಗಿದ್ದಾಂವ ಏನ್ ಪಾಲು ಕೇಳಂಗಿಲ್ಲ. ನನ್ನ ಕೂಸು ಹುಟ್ಟೂಕಿಂತ ಮೊದಲ ಅರ್ಧ ಟೆಕ್ಸಾಸ್ ತಿರುಗೇತಿ” ಎಂದರು.

ಈಗ ಮೊದಲ ಸ್ಕ್ಯಾನಿನ ವಿಷಯ ಹೇಳಬೇಕು. ಹೇಳಲು ನಾಚಿಕೆಯಾಗುತ್ತದೆ.

ಮುಟ್ಟಿನ ಮೂರನೆಯ ದಿನ ಮಾಡುವ ಸ್ಕ್ಯಾನ್ ಅದು. ಗರ್ಭಕೋಶದ ಒಳಪದರ ತೆಳ್ಳಗಿದೆಯೇ, ಅಂಡಾಶಯ ಸುಮ್ಮನಿದೆಯೇ, ಗಡ್ಡೆಗಿಡ್ಡೆ ಬೆಳೆದಿದೆಯೇ ಎಂದು ನೋಡಬೇಕು. ಇರ್ವಿಂಗ್‌ನ ಹಳೆಯ ವರದಿ ನನ್ನ ಮುಂದೆ ಇತ್ತು. ಎಡಗಡೆ ಗೋಡೆಯೊಳಗೆ ಒಂದು ಫೈಬ್ರಾಯ್ಡ್ ಗಡ್ಡೆ, ಒಳಗಿನ ಜಾಗಕ್ಕೆ ತಾಗಿಲ್ಲ ಎಂದಿತ್ತು. ನಾನು ಒಂದು ಕೋನದಿಂದ ಅಳೆದೆ. ಸ್ವಲ್ಪ ದೊಡ್ಡದಾದಂತೆ ಕಂಡಿತು, ಅಷ್ಟೇ. ನಮ್ಮ ಸಾಫ್ಟ್‌ವೇರಿನಲ್ಲಿ ಹಳೆಯ ವರದಿಯ ಮಾತನ್ನು ಹಾಗೇ ಎಳೆದು ತರುವ ಒಂದು ಗುಂಡಿ ಇದೆ. ನಾನು ಅದಕ್ಕೆ ‘ಹಿಂದಿನಂತೆ’ ಎಂದು ಹೆಸರಿಟ್ಟಿದ್ದೇನೆ. ಅದನ್ನು ಒತ್ತಿದೆ. ಹೊರಗೆ ಇನ್ನೂ ಆರು ಜನ ಕಾದಿದ್ದರು.

ಸ್ಕ್ಯಾನ್ ನಡೆಯುವಾಗ ಅವರು ಸೂರು ನೋಡುತ್ತಾ, ಬೆರಳಿನಿಂದ ಮಂಚದ ಕಂಬಿಯ ಮೇಲೆ ತಟ್ಟುತ್ತಾ, ಮೆಲ್ಲಗೆ ಒಂದು ಎರಡು ಮೂರು ನಾಲ್ಕು ಎಂದು ಎಣಿಸುತ್ತಿದ್ದರು. ಟೀಚರಮ್ಮ ಬ್ಯಾಂಡಿನ ಪಾಠ ನೆನೆಸಿಕೊಳ್ಳುತ್ತಿದ್ದಾರೆಂದು ನಾನು ತಿಳಿದೆ.

“ನಿಮ್ಮ ತಾಳ ತುಂಬಾ ಚೆನ್ನಾಗಿದೆ” ಎಂದೆ.

ಅವರು ಸೂರಿನಿಂದ ಕಣ್ಣು ತೆಗೆಯದೆ ಥ್ಯಾಂಕ್ಸ್ ಎಂದರು.

“ನೋವಾಗ್ತಿದೆಯಾ?”

“ಆರಾಮ ಅದೀನಿ.”

ನೋವಿನ ಕಾಲಮ್ಮಿನಲ್ಲಿ ನಾಲ್ಕು ಆಯ್ಕೆ: ಇಲ್ಲ, ಸ್ವಲ್ಪ, ಸಾಧಾರಣ, ತೀವ್ರ. ನಮ್ಮ ಕಡೆಯವರಿಗೆ ‘ಸ್ವಲ್ಪ’ ಎಂಬ ಪದ ಕಂಡರೆ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ. ಸ್ವಲ್ಪ ಎಂದು ಒತ್ತಿ, ಬಾಗಿಲವರೆಗೆ ಬಂದು, ಹೋಗಿ ಬನ್ನಿ ಎಂದೆ. ದೂರು ಬಂತು. ನಿಜವಾಗಿ ದೂರು ಕೊಡಬೇಕಾದದ್ದು ಅದಕ್ಕಲ್ಲವೆಂದು ನನಗೆ ಗೊತ್ತಾಗಲು ಇನ್ನೂ ಹತ್ತು ದಿನ ಬೇಕಾಯಿತು.

ಎರಡನೆಯ ಸ್ಕ್ಯಾನ್ ಬುಧವಾರ. ಹತ್ತು ದಿನ ಈಸ್ಟ್ರೋಜನ್ ಮಾತ್ರೆ ತೆಗೆದುಕೊಂಡ ಮೇಲೆ ಒಳಪದರ ದಪ್ಪವಾಗಿದೆಯೇ ಎಂದು ನೋಡುವುದು. ಚೆನ್ನಾಗಿದ್ದರೆ ಮಧ್ಯಾಹ್ನ ಡಾಕ್ಟರು ಒಪ್ಪಿಗೆ ಕೊಡುತ್ತಾರೆ, ಅಂದೇ ಪ್ರೊಜೆಸ್ಟರಾನ್ ಇಂಜೆಕ್ಷನ್ ಶುರು. ಅದು ಶುರುವಾದರೆ ಬಸ್ಸು ಹೊರಟಂತೆ. ಐದು ದಿನಕ್ಕೆ ಭ್ರೂಣದ ಹಿಮ ಕರಗಿಸಿ ಒಳಗಿಡುವುದು.

ಬಂದವರೇ ಬ್ಯಾಂಡ್ ಟೀಚರ್, “ದೂರು ಬರದಾಕಿ ನಾನ. ಮುಖಾ ನೋಡಿ ಹೇಳಿದ್ರ ನಿನಗ ಬೇಜಾರಾಕ್ಕೈತಿ ಅಂತ ಬರದು ಕಳಿಸಿದೆ” ಎಂದರು.

ನಾನು ಅಜ್ಜಿಯ ಕಥೆ ಹೇಳಿ ತಪ್ಪೊಪ್ಪಿಕೊಂಡೆ. ಅವರು ಮನಸಾರೆ ನಕ್ಕರು. “ನಿಮ್ಮಜ್ಜಿ ಶಾಣ್ಯಾಕಿ. ಆದ್ರ ಆಕಿ ಇಂಥಾ ಜಾಗಾ ನೋಡಿಲ್ಲ” ಎಂದರು. ಮಲಗಿದರು. ನಾನು ದೀಪ ಕಡಿಮೆ ಮಾಡಿದೆ.

ಒಳಪದರ ಎಂಟು ಮಿಲಿಮೀಟರ್, ಪಠ್ಯಪುಸ್ತಕದಲ್ಲಿ ಇರುವಂತೆ ಮೂರು ಸ್ಪಷ್ಟ ಗೆರೆ. ನನಗೆ ಖುಷಿಯಾಯಿತು. ಅವರು ಕಂಬಿಯ ಮೇಲೆ ನಾಲ್ಕು ಎಣಿಸುತ್ತಿದ್ದರು. ನಾನು ಸ್ಕ್ಯಾನಿನ ಹ್ಯಾಂಡಲನ್ನು ಎಡಕ್ಕೆ ಸರಿಸಿದೆ. ಎಣಿಕೆ ಬದಲಾಯಿತು. ಒಂದು ಎರಡು ಮೂರು, ಒಂದು ಎರಡು ಮೂರು ನಾಲ್ಕು.

ನಾನು ಸಂಗೀತದಲ್ಲಿ ಹೇಳಿಕೊಳ್ಳುವ ಹಾಗೆ ಏನೂ ಆಗಲಿಲ್ಲ. ಆದರೆ ಎಂಟು ವರ್ಷ ಮೈಸೂರಿನಲ್ಲಿ ಒಬ್ಬ ಮೇಡಂ ಹತ್ತಿರ ಪಾಠ ಹೇಳಿಸಿಕೊಂಡವಳು. ತಾಳ ತಪ್ಪಿದರೆ ಅವರು ಸ್ಕೇಲಿನಿಂದ ಗೆಣ್ಣಿಗೆ ಕೊಡುತ್ತಿದ್ದರು. ರಾಗಗಳೆಲ್ಲ ಮರೆತುಹೋಗಿವೆ, ಗೆಣ್ಣು ಮರೆತಿಲ್ಲ. ತಕಿಟ ತಕಧಿಮಿ. ಇದು ಮಿಶ್ರಛಾಪು, ಏಳರ ತಾಳ. ಬಲಕ್ಕೆ ಸರಿದೆ, ನಾಲ್ಕಕ್ಕೆ ಬಂದರು. ಎಡಕ್ಕೆ ಬಂದೆ, ಏಳು.

“ಎಡಗಡೆ ಬಂದ್ರೆ ಯಾಕೆ ಏಳಕ್ಕೆ ಹೋಗ್ತೀರಿ?” ಎಂದು ಕೇಳಿದೆ. “ಯಾವ ಹಾಡು ಅದು?”

ಅವರು ಎಣಿಸುವುದನ್ನು ನಿಲ್ಲಿಸಿದರು. “ಹಾಡಲ್ಲ ತಂಗಿ. ನೋವು. ಸಣ್ಣ ನೋವಿಗೆ ನಾಕು ಸಾಕು. ದೊಡ್ಡದಕ್ಕ ಏಳು ಬೇಕು. ಏಳು ಎಣಸೂದು ತ್ರಾಸು, ತಲಿ ಅದರಾಗ ಇರ್ತೈತಿ. ಮಾರ್ಚಿಂಗ್ ಬ್ಯಾಂಡಿನಾಗ ಏಳು ನಡಿಯಂಗಿಲ್ಲ, ಮನಶಾಗ ಇರೂದು ಎರಡ ಕಾಲು. ಅದಕ್ಕ ಅದನ್ನ ಇಂಥಾದಕ್ಕ ಇಟಗೊಂಡೀನಿ.”

ನನ್ನ ಕೈ ನಿಂತಿತು. ಹತ್ತು ದಿನದ ಹಿಂದೆ ನಾನು ಈ ಹೆಂಗಸಿನ ನೋವಿಗೆ ತಲೆದೂಗಿ ಶಹಬಾಸ್ ಎಂದಿದ್ದೆ.

“ಆರಾಮಾಗಿದೀನಿ ಅಂದ್ರಲ್ಲ ನೀವು ಅವತ್ತು.”

“ಮತ್ತೇನಂತ ಹೇಳ್ಲಿ? ಮೊದಲ್ನೇ ಡಾಕ್ಟರ್ ತೂಕ ಇಳಸ್ರಿ ಅಂದ. ಇಳಿಸಿದೆ. ಎರಡನೇದಾಕಿ, ಮುಟ್ಟಿನಾಗ ಎಲ್ಲಾರಿಗೂ ನೋವು ಇರ್ತೈತಿ ಅಂದ್ಳು. ಮೂರನೇದಾಂವ ಇನ್ನಾ ಕುರ್ಚಿ ಮ್ಯಾಲೆ ಕುಂತಿದ್ದಿಲ್ಲ, ಗರ್ಭಚೀಲ ತಗಿಸಿಬಿಡ್ರಿ ಅಂದ. ನಮ್ಮಂಥಾ ಕರೇ ಹೆಣ್ಮಕ್ಕಳು ನೋವು ಹತ್ತಕ್ಕ ಒಂಬತ್ತೈತಿ ಅಂದ್ರ, ಈಕಿಗೆ ನಶಾದ ಗುಳಿಗಿ ಬೇಕಾಗ್ಯಾವ ಅಂತಾರ. ಅತ್ರ ನಾಟಕ ಅಂತಾರ. ಅಳದಿದ್ರ ನೋವ ಇಲ್ಲ ಅಂತಾರ. ಅದಕ್ಕ ಆರಾಮ ಅದೀನಿ ಅಂತ ಹೇಳಿ ಒಳಗೊಳಗ ಎಣಸ್ತೀನಿ.”

ಮನೆಯವರಿಗೆ ಗೊತ್ತೇ ಎಂದು ಕೇಳಿದೆ. ಗಂಡನೊಬ್ಬನನ್ನು ಬಿಟ್ಟು ಯಾರಿಗೂ ಹೇಳಿಲ್ಲವಂತೆ. “ನಮ್ಮ ಮಂದಿ ಇದು ಬಿಳೇ ಮಂದಿ ರೋಗ ಅಂತಾರ. ನಮಗ ಮಕ್ಕಳು ಹೆಚ್ಚಾದ್ರ ಚಿಂತಿ, ಆಗದಿದ್ರ ಅಂತ ಯಾರೂ ವಿಚಾರ ಮಾಡಿಲ್ಲ. ಚರ್ಚಿನಾಗ ಹಿರ್ಯಾರು, ಚಿಂತಿ ಬಿಡವಾ ದೇವರು ಕೊಡ್ತಾನ ಅಂತಾರ, ಅಂದು ಪ್ರತಿ ಐತವಾರ ಹೊಟ್ಟಿ ನೋಡ್ತಾರ.”

ಹ್ಯೂಸ್ಟನ್ ಪಕ್ಕದ ಪೇರ್‌ಲ್ಯಾಂಡಿನ ನಮ್ಮ ದೇವಸ್ಥಾನದ ಊಟದ ಹಾಲಿನಲ್ಲಿ ಆಂಟಿಯರು ‘ಏನಾದ್ರೂ ವಿಶೇಷಾನಾ?’ ಎಂದು ಕೇಳುವಾಗ ಅವರ ಕಣ್ಣೂ ಸರಿಯಾಗಿ ಅಲ್ಲೇ ಇರುತ್ತದೆ. ಆದರೆ ನಮ್ಮ ಆಂಟಿಯರು ಸಾಂಬಾರಿನ ಸೌಟು ಹಿಡಿದು ಕೇಳುತ್ತಾರೆ, ಹಾಗಾಗಿ ತಟ್ಟೆ ಮುಂದೆ ಮಾಡಿ ತಪ್ಪಿಸಿಕೊಳ್ಳಬಹುದು.

“ನೀವು ಎಣಿಸ್ತಾ ಇರಿ, ನಾನು ಇನ್ನೊಂದು ಕಡೆಯಿಂದ ನೋಡ್ತೀನಿ. ತಡೆಯೋಕೆ ಆಗದಿದ್ರೆ ನಿಲ್ಲಿಸು ಅನ್ನಿ, ಆ ಕ್ಷಣ ನಿಲ್ಲಿಸ್ತೀನಿ” ಎಂದೆ. ಹ್ಯಾಂಡಲನ್ನು ತಿರುಗಿಸಿ ಅಡ್ಡಕ್ಕೆ ಹಿಡಿದು, ತ್ರೀಡಿ ಚಿತ್ರ ತೆಗೆದೆ. ನೇರವಾಗಿ ಇಳಿಯಬೇಕಾದ ನಡುಗೆರೆ ಎಡಗಡೆ ಒಂದು ಕಡೆ ಡೊಂಕಾಗಿತ್ತು, ಹಾಕಿದ ರಂಗೋಲಿಯ ಮೇಲೆ ಯಾರೋ ಕಾಲಿಟ್ಟ ಹಾಗೆ. ಗಡ್ಡೆ ಗೋಡೆಯೊಳಗೆ ಇರಲಿಲ್ಲ. ಗೋಡೆಯಿಂದ ಒಳಕ್ಕೆ, ಭ್ರೂಣ ಕೂರಬೇಕಾದ ಜಾಗಕ್ಕೇ ತಲೆ ಹಾಕಿತ್ತು. ಇರುವ ಒಂದೇ ಭ್ರೂಣವನ್ನು ಅಲ್ಲಿಗೆ ಕಳಿಸಲು ದಿನ ಗೊತ್ತಾಗಿತ್ತು, ಮತ್ತು ಏನೂ ತೊಂದರೆಯಿಲ್ಲವೆಂಬ ವರದಿಯ ಕೆಳಗೆ ನನ್ನ ಸಹಿ ಇತ್ತು.

ನನ್ನ ಮೇಜಿನ ಮೇಲೆ ಒಂದು ಕಾಫಿ ಮಗ್ ಇದೆ. ತಪ್ಪಿಲ್ಲದ ವರದಿ ಬರೆಯುತ್ತೇನೆಂದು ಸಂಸ್ಥೆಯವರು ಹಿಂದಿನ ವರ್ಷ ಕೊಟ್ಟದ್ದು, ಮೇಲೆ ಚಿನ್ನದ ಬಣ್ಣದ ನಕ್ಷತ್ರ. ಮಧ್ಯಾಹ್ನದ ವಿಡಿಯೋ ಮೀಟಿಂಗಿಗೆ ಮುಂಚೆ ಅದನ್ನು ಡ್ರಾಯರಿನಲ್ಲಿಟ್ಟೆ. ತಪ್ಪು ಒಪ್ಪಿಕೊಳ್ಳದೆ ಪಾರಾಗುವ ದಾರಿಯೂ ಇತ್ತು. ಇವತ್ತಿನ ವರದಿಯಲ್ಲಿ ‘ಗಡ್ಡೆ ಈಚೆಗೆ ಬೆಳೆದಂತಿದೆ’ ಎಂದು ನಾಜೂಕಾಗಿ ಬರೆದರೆ ಹಳೆಯದನ್ನು ಯಾರೂ ಕೆದಕುತ್ತಿರಲಿಲ್ಲ. ಆದರೆ ಈಚೆಗೆ ಬೆಳೆದಂತಿದೆ ಎಂದರೆ ನಮ್ಮ ಡಾಕ್ಟರು, ಹತ್ತು ದಿನದಲ್ಲಿ ಎಷ್ಟು ಬೆಳೆದೀತು ಬಿಡಿ ಎಂದು ಮುಂದಕ್ಕೆ ಹೋಗಿಬಿಡಬಹುದಿತ್ತು. ಅವರು ಒಳ್ಳೆಯವರು, ಆದರೆ ಅವರ ಒಳ್ಳೆಯತನ ಯಾವಾಗಲೂ ಮುಂದಿನ ಕೋಣೆಯಲ್ಲಿರುತ್ತದೆ. ಸೋಮವಾರ ಮಂಗಳವಾರ ಹ್ಯೂಸ್ಟನ್, ಬುಧವಾರ ಆಸ್ಟಿನ್ ಹತ್ತಿರದ ರೌಂಡ್ ರಾಕ್, ಗುರುವಾರ ಇರ್ವಿಂಗ್. ಕೌಬಾಯ್ ಬೂಟು ಹಾಕಿಕೊಂಡು ವಾಕ್ಯವನ್ನು ಒಂದು ಊರಿನಲ್ಲಿ ಶುರು ಮಾಡಿ ಇನ್ನೊಂದರಲ್ಲಿ ಮುಗಿಸುವವರು.

“ಲೈನಿಂಗ್?” ಎಂದರು ಪರದೆಯಲ್ಲಿ.

“ಎಂಟು, ಮೂರು ಗೆರೆ.”

“ಗುಡ್. ಇವತ್ತೇ ಇಂಜೆಕ್ಷನ್...”

“ಬೇಡ ಡಾಕ್ಟ್ರೇ. ಗಡ್ಡೆ ಒಳಗೆ ಬಂದಿದೆ.”

“ನಿಮ್ಮ ರಿಪೋರ್ಟಲ್ಲೇ ಇದೆಯಲ್ಲ, ಹಿಂದಿನಂತೆ, ತಾಗಿಲ್ಲ ಅಂತ.”

“ಆ ರಿಪೋರ್ಟ್ ತಪ್ಪು. ಬರೆದೋಳು ನಾನೇ. ಒಂದೇ ಕಡೆಯಿಂದ ನೋಡಿ, ಹಳೇದನ್ನ ಎಳ್ಕೊಂಡೆ.”

“ಇವತ್ತು ಹೇಗೆ ಗೊತ್ತಾಯ್ತು?”

“ಅವರು ಏಳಕ್ಕೆ ಎಣಿಸಿದ್ರು.”

ಪರದೆಯಲ್ಲಿ ಡಾಕ್ಟರ ಮುಖ ಅಲುಗಾಡದೆ ನಿಂತಿತು.

“ನೆಟ್ ಹೋಯ್ತಾ?” ಎಂದೆ.

“ಇಲ್ಲ. ಯೋಚನೆ ಮಾಡ್ತಿದೀನಿ.” ಅವರು ಒಂದೇ ಕಡೆ ಕೂತು ಯೋಚಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು. “ನಾಳೆ ಬೆಳಿಗ್ಗೆ ಸಲೈನ್ ಹಾಕಿ ನೋಡೋಣ. ನಾನೇ ಬರ್ತೀನಿ. ಇರ್ವಿಂಗ್‌ನವರಿಗೆ ಹೇಳ್ತೀನಿ.”

ಬ್ಯಾಂಡ್ ಟೀಚರಿಗೆ ವಿಷಯವನ್ನು ಡಾಕ್ಟರೇ ಫೋನಿನಲ್ಲಿ ಹೇಳಿದರು. ನಾನು ಅವರು ಕಾದು ಕೂತಿದ್ದ ಕೋಣೆಗೆ ಹೋಗಿ, ತಪ್ಪು ನನ್ನದು ಎಂದೆ. ಎದುರಿಗೆ ಕೂತು ಹೇಳಿದೆ, ನಿಂತು ಹೇಳಿದರೆ ಓಡಿಹೋಗಲು ಸಿದ್ಧಳಾದಂತೆ ಕಾಣುತ್ತದೆಂದು.

ಅವರು ಕೂಗಾಡಲಿಲ್ಲ. “ಶಾಲಿಯಾಗ ರಜಾ ಹಾಕೀನಿ” ಎಂದರು. “ತುತ್ತೂರಿ ಹುಡುಗೂರಿಗೆ ಬ್ಯಾರೆ ಮಾಸ್ತರ ನೋಡೀನಿ. ಹತ್ತು ದಿನದ ಹಿಂದ ನೀನ ಎಲ್ಲಾ ಸರಿ ಐತಿ ಅಂತ ಬರದಿ.” ನನ್ನ ಕಣ್ಣು ತುಂಬಿತು, ಆದರೆ ಅವರೇ ಅಳದಿರುವಾಗ ನಾನು ಅಳುವುದು ಅಧಿಕಪ್ರಸಂಗವೆಂದು ಗೋಡೆಯ ಕ್ಯಾಲೆಂಡರ್ ನೋಡಿದೆ.

“ಹನ್ನೊಂದು ವರ್ಷದಾಗ” ಎಂದರು ಕೊನೆಗೆ, “ಎಷ್ಟೋ ಮಂದಿ ನನಗ ನಿನ್ನ ದೇಹ ಹಿಂಗ ಐತಿ, ನಿನ್ನ ದೇಹ ಹಂಗ ಐತಿ ಅಂದಾರ. ನಂದ ತಪ್ಪು ಅಂತ ಒಬ್ರೂ ಅಂದಿಲ್ಲ. ನಿನ್ನ ಹೊಡೀಲೋ ಅಪ್ಪಿಕೊಳ್ಳಲೋ ತಿಳೀವಲ್ದು. ಇವತ್ತು ಎರಡೂ ಬ್ಯಾಡ, ಮನೀಗೆ ಹೊಂಟೀನಿ.”

ಬಾಗಿಲಲ್ಲಿ ನನ್ನ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಮರುದಿನ ಡಾಕ್ಟರು ರೌಂಡ್ ರಾಕ್‌ನಿಂದ ಮೂರು ಗಂಟೆ ಡ್ರೈವ್ ಮಾಡಿಕೊಂಡು ಬಂದರು. ಸಲೈನ್ ಪರೀಕ್ಷೆಯೆಂದರೆ ಸಣ್ಣ ಕೊಳವೆಯಿಂದ ಗರ್ಭಕೋಶದೊಳಗೆ ಉಪ್ಪುನೀರು ಬಿಟ್ಟು, ಅಂಟಿಕೊಂಡ ಗೋಡೆಗಳನ್ನು ಬಿಡಿಸಿ ನೋಡುವುದು. ಒಳಪದರ ದಪ್ಪವಿರುವಾಗ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ, ಆದರೂ ನೋಡಲೇಬೇಕಿತ್ತು. ಈ ಸಲ ಒಂದು ಗಂಟೆ ಮುಂಚೆ ಮಾತ್ರೆ ಕೊಟ್ಟು, ಮರಗಟ್ಟಿಸುವ ಔಷಧಿಯನ್ನೂ ಹಾಕಿಸಿದೆ. ಅದಕ್ಕಾಗಿ ನಾನು ಕೇಳಬೇಕಾಯಿತು. ಕೇಳಿದ ಕೂಡಲೇ ಸಿಕ್ಕಿತು. ಹಿಂದಿನ ವರ್ಷಗಳಲ್ಲಿ ಅವರಿಗಾಗಿ ಯಾರೂ ಕೇಳಿರಲಿಲ್ಲ, ಅಷ್ಟೇ.

“ಎಣಿಸೋದಿದ್ರೆ ಜೋರಾಗಿ ಎಣಿಸಿ” ಎಂದೆ.

ಮೈದಾನದ ಈ ತುದಿಯಿಂದ ಆ ತುದಿಗೆ ಕೇಳಿಸುವ ಗಂಟಲು ಅದು. ಎಣಿಸಿದರು. ಡಾಕ್ಟರು ಬೆಚ್ಚಿದರು, ಆಮೇಲೆ ಅವರ ಬೂಟು ತನ್ನಷ್ಟಕ್ಕೆ ನಾಲ್ಕಕ್ಕೆ ತಟ್ಟತೊಡಗಿತು. ಎಡಕ್ಕೆ ಹೋದೆವು. ಔಷಧಿಯ ದಯೆಯಿಂದ ಮೆಲ್ಲಗೆ, ಆದರೂ ಏಳು. ಬೂಟು ತಪ್ಪಿ ನಿಂತಿತು.

“ನಿಮಗೆ ಏಳು ಬರೋದಿಲ್ಲ ಡಾಕ್ಟ್ರೇ” ಎಂದೆ.

“ನೋಡಿ ಅಲ್ಲಿ” ಎಂದರು ಅವರು. ನೀರಿನ ಕಪ್ಪು ಜಾಗದೊಳಕ್ಕೆ, ಪರದೆಯ ಹಿಂದಿನಿಂದ ಯಾರೋ ಮೊಣಕೈ ತಿವಿದ ಹಾಗೆ ಗಡ್ಡೆ ಎದ್ದು ನಿಂತಿತ್ತು.

ವರದಿಯಲ್ಲಿ ನೋವಿನ ಕಾಲಮ್ಮಿಗೆ ‘ತೀವ್ರ’ ಎಂದು ಒತ್ತಿ, ಕೆಳಗಿನ ಖಾಲಿ ಜಾಗದಲ್ಲಿ ‘ಎಡಗಡೆ ಏಳಕ್ಕೆ ಎಣಿಸುತ್ತಾರೆ’ ಎಂದು ಬರೆದೆ. ಹಳೆಯ ವರದಿಗೂ ತಿದ್ದುಪಡಿ ಹಾಕಿ ಸಹಿ ಮಾಡಿದೆ. ಎರಡು ದಿನದ ಮೇಲೆ ಕಡತಗಳ ವಿಭಾಗದಿಂದ ಪ್ರಶ್ನೆ ಬಂತು: ಏಳು ಏನು, ಮಿಲಿಮೀಟರೋ ಸೆಂಟಿಮೀಟರೋ? ಮಿಶ್ರಛಾಪು ಎಂದು ಉತ್ತರಿಸುವ ಆಸೆಯನ್ನು ತಡೆದುಕೊಂಡು ಸರಿಯಾಗಿ ವಿವರಿಸಿದೆ.

ಮುಂದಿನ ತಿಂಗಳು, ಹೊಟ್ಟೆ ಕೊಯ್ಯದೆ ಒಳಗಿನಿಂದಲೇ ಗಡ್ಡೆಯನ್ನು ಕೆರೆದು ತೆಗೆದರು. ಗಾಯ ಮಾಯಲು ಮೂರು ತಿಂಗಳು ಕಾಯಬೇಕಾಯಿತು. ಆಮೇಲೆ ಮತ್ತೆ ಮಾತ್ರೆ, ಮತ್ತೆ ಸ್ಕ್ಯಾನ್. ನಾನು ಮೂರು ಕೋನದಿಂದ ನೋಡಿದೆ, ನನ್ನ ತೃಪ್ತಿಗೆ ನಾಲ್ಕನೆಯದರಿಂದಲೂ. ಎಡಗಡೆ ಬಂದಾಗ ಅವರು ನಾಲ್ಕರಲ್ಲೇ ಇದ್ದರು. ನಡುಗೆರೆ ನೇರವಾಗಿತ್ತು.

ಭ್ರೂಣ ಇಡುವ ದಿನ ಒಂದು ಸೋಮವಾರಕ್ಕೆ ಬಿತ್ತು. ಅಂದು ಹೊಟ್ಟೆಯ ಮೇಲಿನಿಂದ ಸ್ಕ್ಯಾನ್ ಹಿಡಿದು ದಾರಿ ತೋರಿಸುವುದು ನನ್ನ ಕೆಲಸ, ಅದಕ್ಕೆ ಮೂತ್ರಕೋಶ ತುಂಬಿರಬೇಕು. ನಾಲ್ಕು ಲೋಟ ನೀರು ಕುಡಿದು ಬನ್ನಿ ಎಂದಿದ್ದೆವು. ಬಿಸಿಲಿನಲ್ಲಿ ನೂರು ಮಕ್ಕಳಿಗೆ ನೀರು ಕುಡಿಸಿ ಅಭ್ಯಾಸವಿದ್ದವರು ತಾವು ಆರು ಲೋಟ ಕುಡಿದು ಬಂದರು. ಭ್ರೂಣದ ಹಿಮ ಕರಗಿಸಿಯಾಗಿತ್ತು, ಲ್ಯಾಬಿನವರು ಸಿದ್ಧ, ನಾನು ಸಿದ್ಧ. ಡಾಕ್ಟರು ಇಲ್ಲ.

ರಿಸೆಪ್ಷನಿಸ್ಟ್ ಬಂದು ಹೇಳಿದರು: “ಟ್ರಾಫಿಕ್ಕಲ್ಲಿ ಸಿಕ್ಕಾಕೊಂಡಿದಾರೆ. ರೋಡಿಯೋ ಜಾತ್ರೆಗೆ ಹೋಗೋರ ಕುದುರೆ ಮೆರವಣಿಗೆ ಅಂತೆ. ರಸ್ತೆ ತುಂಬಾ ಕುದುರೆ, ಗಾಡಿ.”

ಬ್ಯಾಂಡ್ ಟೀಚರ್ ಕಣ್ಣು ಮುಚ್ಚಿದರು. “ಅದರಾಗ ನಮ್ಮ ಸೋದರಮಾಮ ಇದ್ದಾನ” ಎಂದರು. “ವರ್ಷಾ ಹೊಕ್ಕಾನ. ನಮ್ಮಜ್ಜನ ಕಾಲದಿಂದ ನಮ್ಮ ಮಂದಿ ಕುದರಿ ಅಲ್ಲಿ ಇರ್ತಾವ.”

ಕಾಲು ಗಂಟೆ ಆಯಿತು. ಅವರು ಐದಕ್ಕೆ ಎಣಿಸಿದರು, ಏಳಕ್ಕೆ ಎಣಿಸಿದರು, ಒಂಬತ್ತಕ್ಕೆ ಹೋದರು. ನಮ್ಮಲ್ಲಿ ಒಂಬತ್ತಕ್ಕೂ ತಾಳ ಇದೆ, ಸಂಕೀರ್ಣವೆಂದು ಹೆಸರು. ಅದನ್ನು ಈ ಸ್ಥಿತಿಯಲ್ಲಿದ್ದವರೇ ಕಂಡುಹಿಡಿದಿರಬೇಕು.

“ನನ್ನ ಫೋನ್ ಕೊಡು” ಎಂದರು ಕೊನೆಗೆ.

ಮಲಗಿದ್ದುದರಿಂದ ಸ್ಪೀಕರಿಗೆ ಹಾಕಿದೆ. ಮೊದಲು ಗೊರಸಿನ ಸದ್ದು, ಆಮೇಲೆ ಒಬ್ಬ ಹಿರಿಯರ ದನಿ ಕೇಳಿತು.

“ಮಾಮಾ, ನಿಮ್ಮ ಹಿಂದ ಒಂದು ಕಾರು ಸಿಕ್ಕೊಂಡೈತಿ. ಅದರಾಗ ನಮ್ಮ ಡಾಕ್ಟರ್ ಇದ್ದಾನ. ಅವಗ ದಾರಿ ಬಿಡಸು.”

“ಡಾಕ್ಟರ್? ನಿನಗೇನಾಗೇತಿ?”

ಅವರು ನನ್ನ ಮುಖ ನೋಡಿದರು. ಹನ್ನೊಂದು ವರ್ಷ ಯಾರಿಗೂ ಹೇಳದ ಮಾತು. ಮೂತ್ರಕೋಶ ಕಾಯುವ ಹಾಗಿರಲಿಲ್ಲ.

“ಮಗೂ ಸಲುವಾಗಿ ಮಾಮಾ. ಭಾಳ ದಿನದಿಂದ ಆಸ್ಪತ್ರಿಗೆ ಅಡ್ಡ್ಯಾಡಾಕತ್ತೀನಿ. ಆಗವಲ್ದು. ಇವತ್ತು ಕಡೀದು.”

ಗೊರಸಿನ ಸದ್ದು ನಿಂತಿತು. ಕುದುರೆಯನ್ನು ನಿಲ್ಲಿಸಿರಬೇಕು.

“ನಿಮ್ಮತ್ತಿಗೂ ಹಿಂಗ ಆಗಿತ್ತು” ಎಂದರು ಆ ಹಿರಿಯರು. “ಆಗ ಯಾವ ಡಾಕ್ಟರೂ ಕೇಳಲಿಲ್ಲ. ಯಾಕ ಮೊದಲ ಹೇಳಲಿಲ್ಲ ಮಗಳ?” ಉತ್ತರಕ್ಕೆ ಕಾಯಲಿಲ್ಲ. “ಯಾವ ಬಣ್ಣದ ಕಾರು?”

ಇಪ್ಪತ್ತು ನಿಮಿಷಕ್ಕೆ ಡಾಕ್ಟರು ಬಂದರು. ಕೈ ತೊಳೆಯುತ್ತಾ, “ಏನೋ ವಿಚಿತ್ರ” ಎಂದರು. “ಬಿಳಿ ಗಡ್ಡದ ಒಬ್ಬ ಕಪ್ಪು ಸವಾರರು ನನ್ನ ಕಾರು ಹುಡುಕ್ಕೊಂಡು ಬಂದು, ಹ್ಯಾಟ್ ತೆಗೆದು, ಕುದುರೆಗಳನ್ನೆಲ್ಲ ಪಕ್ಕಕ್ಕೆ ಸರಿಸಿಬಿಟ್ರು. ಹೋಗುವಾಗ, ಕೈ ನಡುಗಿಸಬೇಡ ಅಂದ್ರು.”

ಕೈ ನಡುಗಲಿಲ್ಲ. ಕೊಳವೆಯ ತುದಿಯಲ್ಲಿ ಒಂದು ಬಿಳಿ ಚುಕ್ಕೆ ಮಿನುಗಿ, ನೇರ ಗೆರೆಯ ನಡುವೆ ಕೂತಿತು. ಎರಡು ನಿಮಿಷದ ಕೆಲಸ. ಆಮೇಲೆ ಬ್ಯಾಂಡ್ ಟೀಚರ್ ಶೌಚಾಲಯಕ್ಕೆ ನಡೆದ ವೇಗಕ್ಕೆ ಯಾವ ತಾಳವೂ ಇರಲಿಲ್ಲ.

ಹತ್ತು ದಿನಕ್ಕೆ ರಕ್ತಪರೀಕ್ಷೆ, ಪಾಸಿಟಿವ್. ಅದನ್ನು ಅವರೂ ನಾನೂ ಪೂರ್ತಿ ನಂಬಲಿಲ್ಲ. ಆರೂವರೆ ವಾರಕ್ಕೆ ಸ್ಕ್ಯಾನಿಗೆ ಬಂದರು. ಅಂದು ಅವರು ಎಣಿಸಲಿಲ್ಲ, ಕಂಬಿ ಹಿಡಿದುಕೊಂಡು ಸುಮ್ಮನೆ ಮಲಗಿದ್ದರು. ಅದೇ ನನ್ನನ್ನು ಹೆಚ್ಚು ಹೆದರಿಸಿತು. ಒಂದು ಅಕ್ಕಿಕಾಳಿನಷ್ಟು, ಅದರೊಳಗೆ ಹೊಳೆದು ಆರುವ ಒಂದು ಚುಕ್ಕೆ. ಅಳೆದೆ. ಪರದೆಯನ್ನು ಅವರ ಕಡೆ ತಿರುಗಿಸಿದೆ.

“ಎಷ್ಟು?” ಎಂದರು, ಉಸಿರು ಬಿಡದೆ.

“ನಿಮಿಷಕ್ಕೆ ನೂರಿಪ್ಪತ್ತು.”

ಅವರು ನೋಡಿದರು. ಬೆರಳು ಕಂಬಿಯ ಮೇಲೆ ಮೆಲ್ಲಗೆ ತಟ್ಟತೊಡಗಿತು, ಆ ಚುಕ್ಕೆಯ ಜೊತೆ ಜೊತೆಗೆ. “ಇದು ಮಾರ್ಚ್” ಎಂದರು. “ನಾವು ಮೈದಾನದಾಗ ನಡ್ಯೂದು ಸರಿಯಾಗಿ ಇದ ನೂರಿಪ್ಪತ್ತಕ್ಕ. ನೋಡ ತಂಗಿ, ಎರಡ ಕಾಲಿನ ಲೆಕ್ಕ.” ಆಗ ಅತ್ತರು. ನಾನೂ ಅತ್ತೆ. ಕ್ಯಾಲೆಂಡರ್ ನೋಡುವ ಅಗತ್ಯವಿರಲಿಲ್ಲ.

ಒಂಬತ್ತು ವಾರಕ್ಕೆ ನಮ್ಮ ಕೆಲಸ ಮುಗಿಯುತ್ತದೆ. ಅಲ್ಲಿಂದ ಮುಂದೆ ಹೆರಿಗೆಯ ಆಸ್ಪತ್ರೆ. ಹೊಸ ಡಾಕ್ಟರು, ಹೊಸ ನರ್ಸುಗಳು, ಇವರನ್ನು ಗೊತ್ತಿಲ್ಲದವರು. ಅಲ್ಲೂ ‘ಆರಾಮ ಅದೀನಿ’ ಎಂದುಬಿಟ್ಟರೆ ಎಂಬ ಹೆದರಿಕೆ ನನಗೆ ಕೊನೆಯವರೆಗೂ ಇತ್ತು. ಅವರ ಜೊತೆ ಹೋಗುವ ಪತ್ರದಲ್ಲಿ ಒಂದು ಸಾಲು ಸೇರಿಸಿ ಡಾಕ್ಟರ ಮುಂದಿಟ್ಟೆ: ‘ಈಕೆ ಚೆನ್ನಾಗಿದ್ದೇನೆ ಎಂದರೆ ಅಲ್ಲಿಗೇ ಬಿಡಬೇಡಿ. ಏಳಕ್ಕೆ ಎಣಿಸತೊಡಗಿದರೆ ಕೆಲಸ ನಿಲ್ಲಿಸಿ, ಏನಾಗುತ್ತಿದೆ ಎಂದು ಕೇಳಿ, ನೋಡಿ.’ ಡಾಕ್ಟರು ಓದಿದರು. ಕಾಗದದ ಅಂಚಿನಲ್ಲಿ ಬೆರಳಿನಿಂದ ಒಂದು ಎರಡು ಮೂರು, ಒಂದು ಎರಡು ಮೂರು ನಾಲ್ಕು ಎಂದು ತಟ್ಟಿ ನೋಡಿ, ಸಹಿ ಹಾಕಿದರು. ಅವರಿಗೂ ಏಳು ಬಂದಿತ್ತು.

“ಇದರ ಮೇಲೂ ನೀವು ಬಾಯಿ ಬಿಟ್ಟು ಹೇಳ್ಬೇಕು” ಎಂದು ಬ್ಯಾಂಡ್ ಟೀಚರಿಗೆ ಹೇಳಿದೆ. “ನೋವಾದ್ರೆ ನೋವು ಅನ್ನಿ. ಆರಾಮ ಅನ್ಬೇಡಿ.”

“ಹೂಂ. ಕೇಳದಿದ್ರ ಮಾಮಾನ್ನ ಕುದರಿ ಸಮೇತ ಕರಸ್ತೀನಿ” ಎಂದರು.

ಹೊರಟರು. ನಾನು ಬಾಗಿಲವರೆಗೆ ಬಂದೆ. ಬಾಯಿ ತೆರೆದು ನಿಂತೆ. ಬಸುರಿ ಹೆಂಗಸಿಗೆ ಬರೀ ‘ಹೋಗಿ’ ಎನ್ನಲು ನನ್ನ ನಾಲಿಗೆ ಒಪ್ಪದು, ಈ ಬಾಗಿಲಲ್ಲಿ ನಿಂತು ‘ಬನ್ನಿ’ ಎಂದರೆ ಅವರ ಹನ್ನೊಂದು ವರ್ಷಕ್ಕೆ ಶಾಪ ಕೊಟ್ಟಂತೆ. ಅಜ್ಜಿ ಒಂದು ಕಡೆ, ಆ ಅಕ್ಕಿಕಾಳು ಒಂದು ಕಡೆ. ಅವರು ಕೈ ಕಟ್ಟಿಕೊಂಡು, ನನ್ನ ಅವಸ್ಥೆ ನೋಡುತ್ತಾ, ಸಂತೋಷದಿಂದ ಕಾಯುತ್ತಿದ್ದರು.

ಅಜ್ಜಿಗೆ ಮನಸ್ಸಿನಲ್ಲೇ ಕೈ ಮುಗಿದೆ. “ಹೋಗಿ” ಎಂದೆ. “ಮತ್ತೆ ಬರಬೇಡಿ.”

ಅವರ ನಗು ಕಾಯುವ ಕೋಣೆಯ ತುಂಬ ಕೇಳಿಸಿತು. ಕುರ್ಚಿಗಳಲ್ಲಿದ್ದವರೆಲ್ಲ ತಲೆಯೆತ್ತಿ ನೋಡಿದರು. ಅವರು ಹೋದರು.

ವಾರದ ಮೇಲೆ ಮ್ಯಾನೇಜರ್ ಮತ್ತೆ ಕರೆದು, ಬಾಗಿಲು ಹಾಕಿ, ಪರದೆ ತಿರುಗಿಸಿದರು. ಮುಖ ಹಿಂದಿನದಕ್ಕಿಂತ ಗಂಭೀರವಾಗಿತ್ತು. “ಇದನ್ನ ನೀವು ವಿವರಿಸಬೇಕು” ಎಂದರು. ಅದರಲ್ಲಿ ಹೀಗಿತ್ತು: ‘ಸ್ಕ್ಯಾನ್ ಮಾಡುವಾಕೆ ಎಲ್ಲರ ಎದುರಿಗೆ ನನಗೆ ಹೋಗು, ಮತ್ತೆ ಬರಬೇಡ ಎಂದಳು. ಐದು ಸ್ಟಾರ್.’